‘ಕೀಳ್ತಾ ಇರ್ಲಿ ಸ್ವಾಮಿ, ನಮಗೂ ಸಂಸಾರ ಬೆಳೀಬೇಕು’

ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ. ನಲವತ್ತು-ಅರವತ್ತರ ಸೈಟು. ಮನೆ, ಕಾರು, ಸಂಪು ಮೂರೂ ತಮ್ಮ ಪಾಲು ತಿಂದು ಉಳಿಸಿದ ಮೂಲೆಯಲ್ಲಿ ಇಪ್ಪತ್ತಡಿಗೆ ಇಪ್ಪತ್ತಡಿ ಹಸಿರು. ಮನೆಯ ಯಜಮಾನರು ಅದನ್ನು ಲಾನ್ ಎನ್ನುತ್ತಾರೆ. ಅವರ ಹೆಂಡತಿ ಏನೂ ಎನ್ನುವುದಿಲ್ಲ, ಟ್ಯಾಂಕರಿನ ಲೆಕ್ಕ ಮಾತ್ರ ಓದುತ್ತಾರೆ. ಆ ಲಾನಿನ ಮೇಲೆ ಯಾರೂ ಕೂರುವಂತಿಲ್ಲ, ಮೊಮ್ಮಕ್ಕಳು ಆಡುವಂತಿಲ್ಲ, ಹಪ್ಪಳ ಹರವುವುದಂತೂ ಮಹಾಪರಾಧ. ಯಾರ ಅಪ್ಪಣೆಯೂ ಇಲ್ಲದೆ ಅಲ್ಲಿ ಕಾಲೂರಿ ನಿಂತಿರುವವರು ಒಬ್ಬರೇ: ಶ್ರೀಮಾನ್ ಕೊನ್ನಾರಿ.

ತುಂಗೆ ಎಂದರೂ ಇವರೇ, ಜೇಕು ಎಂದರೂ ಇವರೇ, ಗ್ರಂಧಿಗೆ ಅಂಗಡಿಯ ಡಬ್ಬದ ಮೇಲೆ ಭದ್ರಮುಷ್ಟಿ ಎಂದು ಬರೆದಿದ್ದರೆ ಒಳಗಿರುವುದೂ ಇವರೇ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಸೈಪರಸ್ ರೋಟಂಡಸ್. ಯಜಮಾನರು ವಾಕಿಂಗ್ ಮುಗಿಸಿ, ದರ್ಶಿನಿಯಲ್ಲಿ ಕಾಫಿ ಕುಡಿದು, ದೇಶದ ಸ್ಥಿತಿಗತಿ ಸರಿಮಾಡಿ ಬರುವಷ್ಟರಲ್ಲಿ ಸಂದರ್ಶನ ಮುಗಿಸಬೇಕಿತ್ತು. ಕೊನ್ನಾರಿಯವರು ಮಾತಿಗೆ ಕಾಯುತ್ತಿದ್ದವರಂತೆ ಶುರು ಹಚ್ಚಿಕೊಂಡರು.

ಪತ್ರಿಕೆ: ನಮಸ್ಕಾರ. ಆರೋಗ್ಯ ಹೇಗಿದೆ?

ಕೊನ್ನಾರಿ: ನೀವೇ ನೋಡ್ತಾ ಇದೀರಲ್ಲ ಸ್ವಾಮಿ. ಮೊನ್ನೆ ಮಾಲಿ ಬಂದು ಒಂದೂ ಬಿಡದೆ ಕಿತ್ತು ಹೋದ. ಯಜಮಾನ್ರು ಫೋಟೋ ತೆಗೆದು ಬಡಾವಣೆ ವಾಟ್ಸಾಪ್ ಗುಂಪಿಗೆ ಹಾಕಿದ್ರು. ಅರ್ಧ ಗಂಟೇಲಿ ಎಲ್ರೂ ಕೈಮುಗಿದು, ಹೂಗುಚ್ಛ ಕಳಿಸಿ, ಅಭಿನಂದನೆ ಹೇಳಿದ್ರು. ಇವತ್ತು ನೋಡಿ, ಸುತ್ತಲ ಹುಲ್ಲಿಗಿಂತ ಎರಡು ಬೆರಳು ಮೇಲಿದೀನಿ. ಈಗ ಯಾಕೋ ಯಾರೂ ಫೋಟೋ ತೆಗೀತಿಲ್ಲ.

ಪತ್ರಿಕೆ: ಒಂದೂ ಬಿಡದೆ ಕಿತ್ತ ಮೇಲೂ ಅದು ಹೇಗೆ?

ಕೊನ್ನಾರಿ: ಕಿತ್ತಿದ್ದು ಎಲೆ. ಕ್ಷೌರ ಮಾಡಿಸ್ಕೊಂಡು ಯಾರಾದ್ರೂ ಸತ್ತಿದ್ದುಂಟೆ? ನಾನು ಇರೋದು ಕೆಳಗೆ. ಎಲೆಯ ಬುಡದಲ್ಲಿ ಒಂದು ಗಡ್ಡೆ, ಅದರಿಂದ ತಂತಿಯಷ್ಟು ಸಣ್ಣಗೆ ಒಂದು ದಾರ ಹೊರಟು, ಅದರ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಮುಂದಕ್ಕೆ ಮತ್ತೊಂದು. ನಮ್ಮಲ್ಲಿ ಹೆಚ್ಚಿನವರು ಮೇಲಿನ ಅರ್ಧ ಅಡಿ ಮಣ್ಣಲ್ಲೇ ಇರ್ತೀವಿ. ಒಂದಿಷ್ಟು ಜನ ಇನ್ನೂ ಆಳಕ್ಕೆ ಇಳಿದಿದಾರೆ. ಮೇಲೆ ಹೂವು ಬಿಡ್ತೀವಿ, ಅದು ಶೋಕಿಗೆ. ಬೀಜದಿಂದ ನಮ್ಮ ವಂಶ ಬೆಳೆಯೋದು ತೀರಾ ಕಡಿಮೆ. ವ್ಯವಹಾರ ಎಲ್ಲ ನೆಲದಡಿಯಲ್ಲೇ ನಡೆಯೋದು.

ಪತ್ರಿಕೆ: ನಮ್ಮ ಊರಲ್ಲಿ ಬಹಳಷ್ಟು ವ್ಯವಹಾರ ಹಾಗೇ ನಡೆಯೋದು.

ಕೊನ್ನಾರಿ: ಅದು ನೀವು ಹೇಳಿದ್ದು, ನನ್ನ ಬಾಯಲ್ಲಿ ಹಾಕಬೇಡಿ. ಮುಖ್ಯವಾದ ಸಂಗತಿ ಕೇಳಿ. ಸರದಲ್ಲಿ ಒಬ್ಬ ಚಿಗುರಿ ಮೇಲೆ ನಿಂತಿದ್ದರೆ ಹಿಂದಿನ ಗಡ್ಡೆಗಳು ಅವನಿಗೆ ದಾರಿ ಬಿಟ್ಟು ಸುಮ್ಮನೆ ಮಲಗಿರ್ತಾವೆ. ಮಾಲಿ ಬಂದು ಜಗ್ಗಿದಾಗ ದಾರ ಕಿತ್ತುಹೋಗುತ್ತೆ. ಹಿರಿಯನ ಹಂಗು ಹರೀತಿದ್ದ ಹಾಗೇ ಮಲಗಿದ್ದ ಒಬ್ಬೊಬ್ಬನೂ ಎದ್ದು ತನ್ನದೇ ಮನೆ ಹೂಡ್ತಾನೆ. ಒಂದು ಇದ್ದ ಕಡೆ ನಾಲ್ಕು. ಮಾಲಿಗೆ ಕೂಲಿ ಸಿಗುತ್ತೆ, ಯಜಮಾನರಿಗೆ ಸಮಾಧಾನ ಸಿಗುತ್ತೆ, ನನಗೆ ಮಕ್ಕಳಾಗುತ್ತೆ. ಮೂರು ಜನಕ್ಕೂ ಒಳ್ಳೇದಾಗೋ ಯೋಜನೆ ಈ ಕಾಲದಲ್ಲಿ ಎಲ್ಲಿ ಸಿಗುತ್ತೆ ಹೇಳಿ? ಕೀಳ್ತಾ ಇರ್ಲಿ ಸ್ವಾಮಿ, ನಮಗೂ ಸಂಸಾರ ಬೆಳೀಬೇಕು.

ಪತ್ರಿಕೆ: ನೀವು ಒತ್ತುವರಿದಾರರು ಎಂಬುದು ಯಜಮಾನರ ಆರೋಪ.

ಕೊನ್ನಾರಿ: (ಗಾಳಿ ಇಲ್ಲದಿದ್ದರೂ ಎಲೆ ಅಲ್ಲಾಡಿತು) ಒತ್ತುವರಿನಾ? ನನ್ನನ್ನ ದುಡ್ಡು ಕೊಟ್ಟು ಲಾರೀಲಿ ಕರೆಸಿಕೊಂಡಿದ್ದು ಸ್ವಾಮಿ! ಮನೆ ಕಟ್ಟಿ ಮುಗಿದಾಗ ಇಲ್ಲಿದ್ದಿದ್ದು ಇಟ್ಟಿಗೆ ಚೂರು, ಸಿಮೆಂಟು ಗಟ್ಟಿ. ಅದನ್ನ ಮುಚ್ಚೋಕೆ ಎರಡು ಲೋಡು ಕೆಮ್ಮಣ್ಣು ಹೊಡೆಸಿದ್ರು. ಅದು ಯಾವುದೋ ಹೊಲದ ಮೇಲ್ಮಣ್ಣು. ಹೊಲ ಲೇಔಟ್ ಆಗೋ ಮೊದಲು ಮಣ್ಣು ಮಾರಿದ್ರು, ಮಣ್ಣಿನ ಜೊತೆ ನಾವೂ ಬಂದ್ವಿ. ಅದರ ಮೇಲೆ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ. ಸರಿಯಾಗಿ ಕಳಿತಿರಲಿಲ್ಲ, ಬಿಸಿ ಆಡ್ತಿತ್ತು. ಅದರಲ್ಲಿ ಗೊಣ್ಣೆ ಹುಳು ಬಂತು, ಹತ್ತಾರು ಸೊಪ್ಪಿನ ಬೀಜ ಬಂತು. ನರ್ಸರಿಯಲ್ಲಿ ಗುಲಾಬಿ ಗಿಡ ತಗೊಳ್ಳುವಾಗ ಯಜಮಾನ್ರು ಕನ್ನಡಕ ಹಾಕ್ಕೊಂಡು ಎಲೆ ಎಲೆ ತಿರುವಿ ನೋಡಿದ್ರು. ಎರಡು ಲೋಡು ಮಣ್ಣಲ್ಲಿ ಒಂದು ಬೊಗಸೆ ಕೈಯಲ್ಲಿ ಹಿಡಿದು ನೋಡಲಿಲ್ಲ. ನೀರು ಹಾಕಿ ಹದಿನೈದು ದಿನ ಬಿಟ್ಟಿದ್ರೆ ನಾವೆಲ್ಲ ತಲೆ ಎತ್ತಿ ಹಾಜರಿ ಹೇಳ್ತಿದ್ವಿ, ಆಗಲೇ ತೆಗೀಬಹುದಿತ್ತು. ಅಷ್ಟು ಪುರುಸೊತ್ತು ಯಾರಿಗಿತ್ತು? ಗೃಹಪ್ರವೇಶದ ಮುಹೂರ್ತಕ್ಕೆ ಹಸಿರು ಕಾಣಬೇಕಿತ್ತು. ಚದರಡಿಗೆ ಇಷ್ಟು ಅಂತ ಹುಲ್ಲಿನ ಚಪ್ಪಡಿ ತಂದು ನಮ್ಮ ಮೇಲೆ ಹಾಸಿದ್ರು. ನಾವು ಪುರೋಹಿತರಿಗಿಂತ ಮೊದಲೇ ಬಂದು ಕೂತಿದ್ವಿ.

ಪತ್ರಿಕೆ: ನಿಮ್ಮನ್ನು ಜಗತ್ತಿನ ಅತ್ಯಂತ ಕೆಟ್ಟ ಕಳೆ ಎನ್ನುತ್ತಾರಲ್ಲ, ಬೇಸರವಿಲ್ಲವೇ?

ಕೊನ್ನಾರಿ: ಬೇಸರ ಯಾಕೆ? ರ‍್ಯಾಂಕು ಬರೋದು ಸುಲಭಾನಾ? 1977ರಲ್ಲಿ ಲೀರಾಯ್ ಹೋಮ್ ಅಂತ ಒಬ್ಬ ಸಸ್ಯಶಾಸ್ತ್ರಜ್ಞರು ತಮ್ಮ ಜೊತೆಯವರ ಕೂಡ ಸೇರಿ ಜಗತ್ತಿನ ಅತಿ ಕೆಟ್ಟ ಕಳೆಗಳ ಮೇಲೆ ದಪ್ಪ ಪುಸ್ತಕ ತಂದ್ರು. ಅದರಲ್ಲಿ ಮೊದಲನೇ ಸ್ಥಾನ ನಂದು. ತೊಂಬತ್ತಕ್ಕೂ ಹೆಚ್ಚು ದೇಶದಲ್ಲಿ, ಐವತ್ತಕ್ಕೂ ಹೆಚ್ಚು ಬೆಳೆಯಲ್ಲಿ ಕಾಣಿಸ್ಕೊಂಡಿದೀನಿ ಅಂತ ಬರೆದಿದಾರೆ. ಇರಲಿ, ಎರಡನೇ ಸ್ಥಾನ ಯಾರದು ಗೊತ್ತಾ?

ಪತ್ರಿಕೆ: ಪಾರ್ಥೇನಿಯಂ?

ಕೊನ್ನಾರಿ: ಅಲ್ಲ. ಗರಿಕೆ! ನೀವು ಈಗ ಯಾವುದರ ಮೇಲೆ ಚಪ್ಪಲಿ ಕಾಲಿಟ್ಟು ನಿಂತಿದೀರೋ ಅದೇ. ಬರ್ಮುಡಾ ಗ್ರಾಸ್ ಅಂತ ಹೇಳಿ ಕಂಟ್ರಾಕ್ಟರು ಇವರಿಗೆ ಹಾಸಿಕೊಟ್ಟ ಹುಲ್ಲು. ರಾಗಿ ಹೊಲದಲ್ಲಿ ಅವನನ್ನ ಕಂಡ್ರೆ ರೈತ ಹಲ್ಲು ಕಡೀತಾನೆ. ಇಲ್ಲಿ ಎರಡನೇ ರ‍್ಯಾಂಕಿನವನಿಗೆ ಯೂರಿಯಾ, ನೀರು, ವಾರಕ್ಕೊಂದು ಕಟಿಂಗು. ಒಂದನೇ ರ‍್ಯಾಂಕಿನವನಿಗೆ ವಿಷ. ಇದು ಯಾವ ಸೀಮೆ ಮೆರಿಟ್ಟು? ಇನ್ನೊಂದು ತಮಾಷೆ ಕೇಳಿ. ಗಣೇಶನ ಹಬ್ಬ ಬಂತು ಅಂದ್ರೆ ಅಮ್ಮಾವ್ರು ಗಾಂಧಿಬಜಾರಿಗೆ ಹೋಗಿ, ಚೌಕಾಶಿ ಮಾಡಿ, ಇಪ್ಪತ್ತೊಂದು ಎಸಳಿನ ಗರಿಕೆ ಕಟ್ಟು ತರ್ತಾರೆ. ಗೇಟು ತೆಗೆದು ನಾನೂರು ಚದರಡಿ ಗರಿಕೆ ದಾಟ್ಕೊಂಡೇ ಒಳಗೆ ಹೋಗ್ತಾರೆ.

(ಈ ಮಾತನ್ನು ನಾವು ಪರೀಕ್ಷಿಸಿ ನೋಡಿದೆವು. ಬಗ್ಗಿ ಒಂದೆಳೆ ಕಿತ್ತು ಗೆಣ್ಣು ನೋಡಿದರೆ ಸಾಕ್ಷಾತ್ ಗರಿಕೆಯೇ. ಗಣಪತಿಗೆ ಏನೂ ತಕರಾರು ಇರಲಾರದು.)

ಪತ್ರಿಕೆ: ವಿಷದ ಮಾತು ಬಂತು. ಏನೇನು ಪ್ರಯೋಗ ಆಗಿದೆ ನಿಮ್ಮ ಮೇಲೆ?

ಕೊನ್ನಾರಿ: ಮೊದಲು ವಿಡಿಯೋ ವೈದ್ಯ. ವಿನಿಗರ್ ಜೊತೆ ಪಾತ್ರೆ ತೊಳೆಯೋ ಸೋಪಿನ ನೀರು ಕಲಸಿ ಹೊಡೆದ್ರು. ಎಲೆ ಸುಟ್ಟಿತು, ಕೆಳಗಿದ್ದವನಿಗೆ ಸುದ್ದಿನೂ ಮುಟ್ಟಲಿಲ್ಲ. ಆಮೇಲೆ ಉಪ್ಪು. ಆ ಜಾಗದ ಹುಲ್ಲು ಹೋಯ್ತು, ಮಣ್ಣು ಕೆಟ್ಟಿತು. ಆಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದೆಸಿದ್ರು. ನಮ್ಮ ಮೊಳಕೆ ತುದಿ ಸೂಜಿ ಇದ್ದ ಹಾಗೆ. ಪ್ಲಾಸ್ಟಿಕ್ ತೂರಿಕೊಂಡು ಬಂದ್ವಿ. ಆ ದಿನ ಯಜಮಾನರ ಮುಖ ನೋಡಬೇಕಿತ್ತು.

ಪತ್ರಿಕೆ: ಅಂಗಡಿಯ ಔಷಧಿ?

ಕೊನ್ನಾರಿ: ಅದೂ ಆಯ್ತು. ಅಂಗಡಿಗೆ ಹೋಗಿ ‘ಕಳೆ ಔಷಧಿ ಕೊಡಿ’ ಅಂದ್ರೆ ಅವನು ‘ಯಾವ ಕಳೆ’ ಅಂತ ಕೇಳಬೇಕು. ಇವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೊದಲ ಸಲ ಕೊಟ್ಟಿದ್ದು ಟು-ಫೋರ್-ಡಿ. ಅದು ಅಗಲ ಎಲೆಯವರನ್ನ ಹಿಡಿಯೋ ಮದ್ದು. ನೆಲನೆಲ್ಲಿ, ಒಂದೆಲಗ, ಹುಳಿ ಸೊಪ್ಪು, ಪಾಪದವರೆಲ್ಲ ಮುರುಟಿಕೊಂಡು ಹೋದ್ರು. ನನ್ನದು ಅಗಲ ಎಲೆ ಅಲ್ಲ. ಹಾಗಂತ ನಾನು ಹುಲ್ಲೂ ಅಲ್ಲ. ಕಾಂಡ ಎರಡು ಬೆರಳಲ್ಲಿ ಹಿಡಿದು ಉರುಳಿಸಿ ನೋಡಿ. ಹುಲ್ಲಿನ ಕಾಂಡ ದುಂಡಗೆ ಉರುಳುತ್ತೆ, ನಂದು ಮೂರು ಮೂಲೆ ಚುಚ್ಚುತ್ತೆ. ನಮ್ಮ ಕುಲವೇ ಬೇರೆ. ಈಜಿಪ್ಟಿನವರು ಕಾಗದ ಮಾಡಿದ ಪಪೈರಸ್ ನಮ್ಮ ದಾಯಾದಿ. ತಮಿಳುನಾಡಿನ ಪತ್ತಮಡೈ ಚಾಪೆ ನೇಯೋ ಕೋರೆಯೂ ನಮ್ಮವನೇ. ದೊಡ್ಡ ಮನೆತನ ಸ್ವಾಮಿ, ನಾನೊಬ್ಬ ಸ್ವಲ್ಪ ಪೋಲಿ ಬಿದ್ದೆ ಅಷ್ಟೆ.

ಪತ್ರಿಕೆ: ಎರಡನೇ ಸಲ?

ಕೊನ್ನಾರಿ: ಗ್ಲೈಫೋಸೇಟ್. ಅದು ಹಸಿರು ಕಂಡದ್ದನ್ನೆಲ್ಲ ಒಣಗಿಸುತ್ತೆ, ಲಾನು ಅಂತ ನೋಡಲ್ಲ, ಲಂಟಾನ ಅಂತ ನೋಡಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಇದನ್ನ ಕೀಟನಿಯಂತ್ರಣದ ಪರವಾನಗಿ ಇರೋರ ಮೂಲಕ ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸಿತು. ಯಜಮಾನ್ರು ಪರವಾನಗಿಯ ಬದಲು ಹಳೇ ಬನಿಯನ್ ಹಾಕ್ಕೊಂಡು ಬಂದು ಹೊಡೆದ್ರು. ಈ ಮದ್ದು ಎಲೆಯಿಂದ ಇಳಿದು ಗಡ್ಡೆಗೆ ಹೋಗಬೇಕು. ಅದಕ್ಕೆ ಎಲೆ ಚೆನ್ನಾಗಿ ಬೆಳೆದಿರಬೇಕು. ಇವರು ಬೆಳಗ್ಗೆ ಮೆಷಿನ್ ಓಡಿಸಿ ನಮ್ಮನ್ನ ನೆಲಸಮ ಮಾಡಿ, ಮಧ್ಯಾಹ್ನ ಬಂದು ಬೋಳು ನೆಲಕ್ಕೆ ಹೊಡೆದ್ರು. ಮಣ್ಣಿಗೆ ಬಿದ್ದ ಮದ್ದು ಮಣ್ಣಿಗೇ ಅಂಟಿಕೊಂಡಿತು. ಗರಿಕೆ ಚಾಪೆಯಗಲ ಹಳದಿ ಆಯ್ತು. ಆ ಖಾಲಿ ಜಾಗಕ್ಕೆ ಮೊದಲು ಬಂದವರು ಯಾರು ಅಂತ ನಾನು ಹೇಳಬೇಕಾ?

ಪತ್ರಿಕೆ: ಹ್ಯಾಲೋಸಲ್ಫ್ಯುರಾನ್ ಅಂತ ಒಂದಿದೆಯಂತೆ.

ಕೊನ್ನಾರಿ: (ಸ್ವಲ್ಪ ಹೊತ್ತು ಮೌನ) ಅದನ್ನ ಯಾರು ಹೇಳಿದ್ರು ನಿಮಗೆ? ಕಬ್ಬಿನ ಗದ್ದೆಗೆ ಅಂತ ಬಂದ ಮದ್ದು ಅದು. ಹುಲ್ಲಿನವರನ್ನ ಬಿಟ್ಟು ನಮ್ಮ ಕುಲದವರನ್ನೇ ಹುಡುಕಿ ಹಿಡಿಯುತ್ತೆ. ಒಂದೇ ದಿನದಲ್ಲಿ ಏನೂ ಕಾಣಿಸಲ್ಲ, ವಾರಗಟ್ಟಲೆ ಹಿಡಿಯುತ್ತೆ. ಒಂದು ಸಲಕ್ಕೆ ಮುಗಿಯಲ್ಲ, ಮತ್ತೆ ಎದ್ದವರಿಗೆ ಮತ್ತೆ ಹೊಡೀಬೇಕು. ಅಷ್ಟು ತಾಳ್ಮೆ ಇವರಿಗಿಲ್ಲ, ಅದೊಂದು ನಮ್ಮ ಪುಣ್ಯ. ಈ ಪ್ರಶ್ನೆ ಛಾಪಿಸಬೇಡಿ.

ಪತ್ರಿಕೆ: ನಿಮ್ಮ ನೆರೆಹೊರೆಯ ಕಳೆಗಳ ಜೊತೆ ಸಂಬಂಧ ಹೇಗಿದೆ?

ಕೊನ್ನಾರಿ: ಒಂದೆಲಗದ ಕಥೆ ಕೇಳಿದ್ರೆ ಕಣ್ಣೀರು ಬರುತ್ತೆ. ಅವಳನ್ನ ಇಲ್ಲಿಂದ ಕಿತ್ತು ಕಾಂಪೌಂಡಿನ ಆಚೆ ಎಸೀತಾರೆ. ಮೊಮ್ಮಗನ ಪರೀಕ್ಷೆ ಹತ್ತಿರ ಬಂತು ಅಂದ್ರೆ ಜ್ಞಾಪಕಶಕ್ತಿಗೆ ಅಂತ ಅವಳದ್ದೇ ಕ್ಯಾಪ್ಸೂಲು ತರಿಸ್ತಾರೆ. ನೆಲನೆಲ್ಲಿಯದ್ದೂ ಇದೇ ಗತಿ. ಕಾಂಗ್ರೆಸ್ ಗಿಡ, ಅದೇ ನೀವು ಹೇಳಿದ ಪಾರ್ಥೇನಿಯಂ, ಅವಳ ಮೇಲೆ ಮಾತ್ರ ನನಗೆ ಹೊಟ್ಟೆಕಿಚ್ಚು. ಅವಳು 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸ್ಕೊಂಡವಳು, ನಿನ್ನೆ ಮೊನ್ನೆ ಬಂದವಳು. ಅವಳನ್ನ ತಿನ್ನೋಕೆ ಮೆಕ್ಸಿಕೋದಿಂದ ದುಂಬಿ ತರಿಸಿದ್ರು. 1984ರಲ್ಲಿ ಇದೇ ಬೆಂಗಳೂರಲ್ಲಿ ಬಿಟ್ರು. ಈಗಲೂ ಮಳೆಗಾಲದಲ್ಲಿ ಖಾಲಿ ಸೈಟಿಗೆ ಹೋಗಿ ನೋಡಿ, ಗೆರೆ ಗೆರೆ ಬೆನ್ನಿನ ಸಣ್ಣ ದುಂಬಿಗಳು ಅವಳ ಎಲೆ ಜರಡಿ ಮಾಡ್ತಾ ಇರ್ತಾವೆ. ಜಗತ್ತಿನ ಒಂದನೇ ರ‍್ಯಾಂಕಿನವನು ನಾನು. ನನಗೋಸ್ಕರ ಯಾರಾದ್ರೂ ಒಂದು ಹುಳಕ್ಕೆ ವಿಮಾನದ ಟಿಕೆಟ್ ಮಾಡಿಸಿದ್ರಾ?

ಪತ್ರಿಕೆ: ಅಲ್ಲಿ ಬೇವಿನ ಮರದ ಹತ್ತಿರ ಹುಲ್ಲು ಒಣಗಿದೆಯಲ್ಲ, ಅದೂ ನಿಮ್ಮ ಕೈವಾಡವೇ?

ಕೊನ್ನಾರಿ: ಊರಿಗೆ ಬಂದ ಕಷ್ಟವೆಲ್ಲ ನನ್ನ ತಲೆಗೆ ಕಟ್ಟಬೇಡಿ. ಹೋಗಿ ಆ ಹುಲ್ಲಿನ ಅಂಚು ಹಿಡಿದು ಎತ್ತಿ.

(ಎತ್ತಿದೆವು. ಹುಲ್ಲು ಯಾವ ಪ್ರತಿರೋಧವೂ ಇಲ್ಲದೆ ಸುರುಳಿ ಸುತ್ತಿಕೊಂಡು ಕೈಗೆ ಬಂತು. ಕೆಳಗೆ ಬೇರೇ ಇಲ್ಲ. ಮಣ್ಣಿನಲ್ಲಿ ಕಿರುಬೆರಳ ಗಾತ್ರದ ಬಿಳಿ ಹುಳುಗಳು, ತಲೆ ಮಾತ್ರ ಇಟ್ಟಿಗೆ ಬಣ್ಣ. ಒಂದೊಂದೂ ಬಾಲವನ್ನು ಬಾಯಿಗೆ ತಂದುಕೊಂಡು ಬಾಗಿ ಮಲಗಿತ್ತು. ಬಾಲದ ತುದಿಯ ತೆಳು ಚರ್ಮದೊಳಗೆ ತಿಂದ ಮಣ್ಣು ಕಪ್ಪಗೆ ಕಾಣುತ್ತಿತ್ತು. ಬಿಸಿಲು ಬಿದ್ದದ್ದೇ ಆರು ಕಾಲು ಆಡಿಸಿ ಮಣ್ಣೊಳಗೆ ತೂರಲು ನೋಡಿದವು.)

ಕೊನ್ನಾರಿ: ನೋಡಿದ್ರಲ್ಲ, ಗೊಣ್ಣೆ ಹುಳು. ಬೇರು ತಿನ್ನೋರು ಅವರು. ಹುಲ್ಲು ಹಳದಿ ಆದಾಗ ಯಜಮಾನ್ರು ನೀರು ಸಾಲದು ಅಂತ ಎರಡು ಹೊತ್ತು ನೀರು ಬಿಟ್ರು. ಬೇರೇ ಇಲ್ಲದವನು ನೀರು ಕುಡಿಯೋದು ಹೇಗೆ? ಆಮೇಲೆ ಕಾಗೆ, ಗೊರವಂಕ ಬಂದು ಹುಲ್ಲು ಕೆದಕೋಕೆ ಶುರು ಮಾಡಿದವು. ಅವು ಹುಳ ಹೆಕ್ಕೋಕೆ ಬಂದಿದ್ದು, ಪುಕ್ಕಟೆ ಸೇವೆ. ‘ಈ ಹಕ್ಕಿಗಳೇ ಲಾನ್ ಹಾಳು ಮಾಡಿದ್ದು’ ಅಂತ ಹಳೇ ಸಿಡಿಗಳನ್ನ ದಾರ ಕಟ್ಟಿ ನೇತು ಹಾಕಿ ಅವನ್ನೂ ಓಡಿಸಿದ್ರು. ಗೊಣ್ಣೆಯವರು ಆ ದಿನ ಹಬ್ಬ ಮಾಡಿದ್ರು.

ಪತ್ರಿಕೆ: ಮೊದಲೇ ತಿಳಿಯುವ ದಾರಿ ಇರಲಿಲ್ಲವೇ?

ಕೊನ್ನಾರಿ: ಇತ್ತು. ಮುಂಗಾರಿಗೆ ಮುಂಚೆ ಮೊದಲ ಜೋರು ಮಳೆ ಬೀಳುತ್ತಲ್ಲ, ಆವತ್ತು ಸಂಜೆ ಕತ್ತಲಾಗ್ತಿದ್ದ ಹಾಗೆ ನೆಲದಿಂದ ಕಂದು ದುಂಬಿಗಳು ಎದ್ದು ಆ ಬೇವಿನ ಮರಕ್ಕೆ ಮುತ್ತಿಕೊಳ್ತಾವೆ. ಅಪ್ಪ ಅಮ್ಮ ಅವರೇ. ಹಳ್ಳಿಯಲ್ಲಿ ಆದ್ರೆ ರಾತ್ರಿ ಕೊಂಬೆ ಅಲ್ಲಾಡಿಸಿ, ಉದುರಿದ್ದನ್ನ ಆರಿಸಿ ಸೀಮೆಎಣ್ಣೆ ನೀರಿಗೆ ಹಾಕ್ತಾರೆ. ಅಲ್ಲಿಗೆ ಅರ್ಧ ಕೆಲಸ ಮುಗೀತು. ಇಲ್ಲಿ ವರಾಂಡದ ದೀಪಕ್ಕೆ ಬಂದು ಬಿದ್ದ ದುಂಬೀನ ಯಜಮಾನ್ರು ಪೊರಕೆಯಲ್ಲಿ ಗುಡಿಸಿ ಎಲ್ಲಿಗೆ ಹಾಕಿದ್ರು ಹೇಳಿ? ಲಾನಿಗೆ. ಮೊಟ್ಟೆ ಇಡೋಕೆ ಜಾಗ ಹುಡುಕೋ ಕಷ್ಟವೂ ಅವಕ್ಕೆ ತಪ್ಪಿತು. ಮರಿ ಹುಳ ಇರೋ ಜೂನ್-ಜುಲೈನಲ್ಲಿ ಮೆಟಾರೈಜಿಯಂ ಅನ್ನೋ ಶಿಲೀಂಧ್ರನ ಕಳಿತ ಗೊಬ್ಬರದಲ್ಲಿ ಬೆರೆಸಿ ಹಾಕಿದ್ರೆ ಅದು ಹುಳದ ಮೈಮೇಲೆ ಬೆಳೆದು ಕೊಲ್ಲುತ್ತೆ. ಹುಳ ಹುಡುಕಿ ಒಳಹೊಕ್ಕು ಕೊಲ್ಲೋ ಸಣ್ಣ ಜಂತುಗಳೂ ಇವೆ. ಅವುಗಳ ಮೇಲೆ ಕೆಲಸ ಮಾಡೋ ರಾಷ್ಟ್ರೀಯ ಸಂಸ್ಥೆ ಇಲ್ಲೇ ಹೆಬ್ಬಾಳದಲ್ಲಿದೆ. ಹುಳ ದಪ್ಪ ಆದ ಮೇಲೆ ಏನು ಸುರಿದ್ರೂ ಅಷ್ಟಕ್ಕಷ್ಟೆ. ಒಂದಡಿ ಚದರ ಎತ್ತಿ ನೋಡಿದಾಗ ಒಂದೆರಡು ಹುಳ ಇದ್ರೆ ಹುಲ್ಲು ತಾನೇ ತಾಳಿಕೊಳ್ಳುತ್ತೆ, ಅದಕ್ಕೆಲ್ಲ ಯುದ್ಧ ಸಾರಬಾರದು. ಇಷ್ಟು ಯಾಕೆ ಹೇಳ್ತಾ ಇದೀನಿ ಅಂದ್ರೆ, ಅವರು ನನ್ನ ಗಡ್ಡೆಗೂ ಬಾಯಿ ಹಾಕಿದಾರೆ.

ಪತ್ರಿಕೆ: ಎರೆಹುಳುಗಳ ಪಾಡು?

ಕೊನ್ನಾರಿ: ಮಳೆಗಾಲದಲ್ಲಿ ಅವು ಹುಲ್ಲಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆ ಹಾಕ್ತಾವೆ. ಲಾನು ಗಲೀಜಾಗುತ್ತೆ ಅಂತ ಯಜಮಾನ್ರು ಕೀಟನಾಶಕ ಸುರಿದು ಮುಗಿಸಿದ್ರು. ಮುಂದಿನ ವಾರ ನರ್ಸರಿಯಿಂದ ಎರಡು ಮೂಟೆ ಎರೆಗೊಬ್ಬರ ಬಂತು.

ಪತ್ರಿಕೆ: ನೀರಿನ ವಿಷಯಕ್ಕೆ ಬರೋಣ.

ಕೊನ್ನಾರಿ: ಬನ್ನಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಈ ಜಾಗ ಸುಮಾರು 37 ಚದರ ಮೀಟರ್. ಬೇಸಿಗೇಲಿ ದಿನಕ್ಕೆ 5 ಮಿಲಿಮೀಟರ್ ಅಂದ್ರೂ 185 ಲೀಟರ್. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅಷ್ಟೆತ್ತರಕ್ಕೆ ಪಂಪು ಮಾಡಿ ತಂದ ಕಾವೇರಿಯನ್ನ ಇವರು ಸಂಜೆ ಪೈಪು ಹಿಡಿದು, ಫೋನಲ್ಲಿ ಮಾತಾಡ್ತಾ, ತಲೆಗೆ ತೀರ್ಥ ಹಾಕಿದ ಹಾಗೆ ಚಿಮುಕಿಸ್ತಾರೆ. ಮೇಲಿನ ಒಂದಿಂಚು ಮಾತ್ರ ನೆನೆಯುತ್ತೆ. ಗರಿಕೆಯ ಬೇರು ಕೆಳಗೆ ಇಳಿಯೋ ಅಭ್ಯಾಸವನ್ನೇ ಬಿಡ್ತು. ಮೇಲಿನ ಒದ್ದೆ ಮಾತ್ರ ನನಗೆ ತುಂಬಾ ಹಿತ. ನಾಲ್ಕೈದು ದಿನಕ್ಕೊಮ್ಮೆ ಅರ್ಧ ಅಡಿ ನೆನೆಯೋ ಹಾಗೆ ಹಾಕಿದ್ರೆ ಗರಿಕೆ ಗಟ್ಟಿಯಾಗಿ ನನ್ನ ಮೇಲೆ ಒತ್ತಿಕೊಂಡು ಬರ್ತಿತ್ತು. 2024ರ ಮಾರ್ಚಿನಲ್ಲಿ ಜಲಮಂಡಳಿಯವರು ಕುಡಿಯೋ ನೀರನ್ನ ಕೈತೋಟಕ್ಕೆ ಹಾಕಬಾರದು, ಹಾಕಿದ್ರೆ 5,000 ರೂಪಾಯಿ ದಂಡ ಅಂದ್ರು ನೋಡಿ, ಆಗ ಎಂಥ ನಾಟಕ! ಯಜಮಾನ್ರು ಹಗಲಲ್ಲಿ ನೀರು ಉಳಿಸಿ ಅಂತ ಗುಂಪಿಗೆ ಸಂದೇಶ ಕಳಿಸಿ, ರಾತ್ರಿ ಹತ್ತರ ಮೇಲೆ ಬಕೆಟ್ ಹಿಡ್ಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಬರ್ತಿದ್ರು. ಆದ್ರೂ ಹುಲ್ಲು ಒಣಗಿತು. ನಾನು ಕೆಳಗೆ ಮಲಗಿದ್ದೆ. ಮೇ ತಿಂಗಳ ಮಳೆಗೆ ಎದ್ದು ನೋಡಿದ್ರೆ ಜಾಗವೆಲ್ಲ ಖಾಲಿ.

ಪತ್ರಿಕೆ: ಹುಲ್ಲು ಕತ್ತರಿಸುವ ಯಂತ್ರ ನಿಮಗೆ ತೊಂದರೆ ಮಾಡುವುದಿಲ್ಲವೇ?

ಕೊನ್ನಾರಿ: ಅದನ್ನ 1830ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಅದಕ್ಕೆ ಮುಂಚೆ ಅಲ್ಲಿ ಕುಡುಗೋಲಿತ್ತು, ಕುರಿ ಇತ್ತು. ನಮ್ಮ ಯಜಮಾನ್ರು ಅದನ್ನ ಓಡಿಸೋದು ಚಿನ್ನಸ್ವಾಮಿ ಸ್ಟೇಡಿಯಂ ಪಿಚ್ಚಿನ ಲೆಕ್ಕದಲ್ಲಿ, ಚರ್ಮ ಕಾಣೋ ತನಕ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಬ್ಲೇಡು ಎತ್ತರಕ್ಕೆ ಇಡಬೇಕು. ಹುಲ್ಲು ದಟ್ಟವಾಗಿ ನೆರಳು ಮಾಡಿದ್ರೆ ನಾನು ಸೊರಗ್ತೀನಿ. ನೆರಳು ನನಗೆ ಆಗಿಬರಲ್ಲ. ಇವರು ಬೋಳಿಸಿ ಬಿಸಿಲು ಕೊಡ್ತಾರೆ. ಪುಣ್ಯಾತ್ಮರು.

ಪತ್ರಿಕೆ: ಯಜಮಾನರ ಮೇಲೆ ನಿಮಗೆ ಸಿಟ್ಟಿಲ್ಲವೇ?

ಕೊನ್ನಾರಿ: ಇಲ್ಲ, ಋಣ ಇದೆ. ಹೋದ ವರ್ಷ ಅವರಿಗೆ ಹೊಟ್ಟೆ ಕೆಟ್ಟಿತ್ತು. ವೈದ್ಯರು ಮುಸ್ತಾರಿಷ್ಟ ಬರೆದುಕೊಟ್ರು. ಅದರಲ್ಲಿ ಮುಸ್ತಾ ಅಂದ್ರೆ ನಾನೇ. ಹೊರಗೆ ನನಗೆ ಔಷಧಿ ಹೊಡೆದು ಒಳಗೆ ಹೋಗಿ ನನ್ನನ್ನೇ ಔಷಧಿ ಅಂತ ಕುಡಿದ್ರು. ಅಮ್ಮಾವ್ರ ಸ್ನಾನದ ಪುಡಿಯಲ್ಲೂ ಇದೀನಿ. ಅಷ್ಟೇ ಯಾಕೆ, ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತ ಬೇಟೆ ನಿಲ್ಲಿಸಿದಾಗ, ಕಾಡುಹಂದಿಗಳು ಕೊಳದಲ್ಲಿ ನೆಮ್ಮದಿಯಾಗಿ ನಮ್ಮನ್ನ ಅಗೆದು ತಿನ್ನಲಿ ಅಂತಾನೆ. ಹಂದಿ ನಮಗೆ ನಿಜವಾದ ಶತ್ರು. ಒಂದು ಹಿಂಡು ಬಿಟ್ರೆ ವಾರದಲ್ಲಿ ನಮ್ಮ ಕಥೆ ಮುಗೀತು. ಲಾನಿನ ಕಥೆಯೂ ಮುಗಿಯುತ್ತೆ ಅನ್ನಿ. ರೆಸಿಡೆಂಟ್ಸ್ ಅಸೋಸಿಯೇಷನ್ ಒಪ್ಪಲ್ಲ.

ಪತ್ರಿಕೆ: ಹಂದಿ ಬಿಟ್ಟರೆ ಇನ್ಯಾರಿಗೂ ನೀವು ಹೆದರಿಲ್ಲವೇ?

ಕೊನ್ನಾರಿ: (ದನಿ ತಗ್ಗಿಸಿ) ಒಬ್ಬರಿಗೆ ಹೆದರಿದೀನಿ. ಯಜಮಾನರ ತಾಯಿ. ಮಾಲೂರು ಕಡೆ ಹಳ್ಳಿಯವರು. ಎರಡು ಬೇಸಿಗೆ ಹಿಂದೆ ಮಗನ ಮನೆಗೆ ಅಂತ ಬಂದಿದ್ರು. ಬಂದ ದಿನವೇ ಅಂಗಳ ನೋಡಿ ‘ಇದೇನಪ್ಪ, ಹೊಲ ಬಿತ್ತೋಕೆ ಆಗದಿದ್ರೂ ಕೊನ್ನಾರಿ ಚೆನ್ನಾಗಿ ಬಂದಿದೆ’ ಅಂದ್ರು. ಆ ಮಾತಿಗೇ ನಮ್ಮ ಎದೆ ಝಲ್ ಅಂತು. ಈ ಮನೇಲಿ ನಮ್ಮನ್ನ ಹೆಸರು ಹಿಡಿದು ಕರೆದ ಮೊದಲ ಮನುಷ್ಯರು ಅವರು. ಆವತ್ತು ಸಂಜೆ ಮೂಲೆಗೆ ಚೆನ್ನಾಗಿ ನೀರು ಹಾಕಿ ಮಣ್ಣು ಹದ ಮಾಡಿದ್ರು. ಬೆಳಗ್ಗೆ ಕುರ್ಪಿ ತಗೊಂಡು ಬಂದು ಕೂತ್ರು. ಎಲೆ ಮುಟ್ಟಲೇ ಇಲ್ಲ. ಒಂದು ಗೇಣು ಪಕ್ಕಕ್ಕೆ ಕುರ್ಪಿ ಇಳಿಸಿ, ಮಣ್ಣು ಸಮೇತ ಮೀಟಿ ಎತ್ತಿ, ದಾರ ಕಡಿಯದ ಹಾಗೆ ಬೆರಳಲ್ಲಿ ಮಣ್ಣು ಬಿಡಿಸ್ತಾ ಬಿಡಿಸ್ತಾ ಒಬ್ಬನ ಹಿಂದೆ ಒಬ್ಬನನ್ನ ಹೊರಗೆ ತಂದ್ರು. ನಮ್ಮ ಮುತ್ತಜ್ಜ ಅಲ್ಲಿ ಮಲಗಿದಾನೆ ಅಂತ ನಮಗೇ ಮರೆತುಹೋಗಿತ್ತು, ಅವರು ಪತ್ತೆ ಮಾಡಿದ್ರು.

ಪತ್ರಿಕೆ: ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರೆ?

ಕೊನ್ನಾರಿ: ಹಾಗೆ ಹಾಕಿದ್ರೆ ಬದುಕಿಬಿಡ್ತಿದ್ವಿ, ಮುಂದಿನ ವರ್ಷ ಗೊಬ್ಬರದ ಜೊತೆ ವಾಪಸ್ ಬರ್ತಿದ್ವಿ. ಅವರಿಗೆ ಅದೂ ಗೊತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ, ಸಂಡಿಗೆ ಹರವಿದ ಪಕ್ಕದಲ್ಲೇ ನಮ್ಮನ್ನೂ ಹರವಿದ್ರು. ನೀರು ಆರಿದ್ರೆ ನಮಗೆ ಉಳಿಗಾಲ ಇಲ್ಲ. ಹೊಲದಲ್ಲಿ ಬೇಸಿಗೆ ಉಳುಮೆ ಮಾಡೋದೂ ಇದಕ್ಕೇ ತಾನೆ? ಅಷ್ಟಕ್ಕೆ ಬಿಡಲಿಲ್ಲ. ತಪ್ಪಿಸಿಕೊಂಡವರು ಮತ್ತೆ ಚಿಗುರ್ತಾರೆ ಅಂತ ಹದಿನೈದು ದಿನಕ್ಕೊಮ್ಮೆ ಬಂದು ಎಲೆ ಎಣಿಸ್ತಿದ್ರು. ಐದಾರು ಎಲೆ ಬಂದ ಮೇಲೆ ನಾವು ಹೊಸ ಗಡ್ಡೆ ಕಟ್ಟೋಕೆ ಶುರು ಮಾಡ್ತೀವಿ. ಅದಕ್ಕೆ ಮುಂಚೆ ತೆಗೆದ್ರೆ ಚಿಗುರೋಕೆ ಖರ್ಚು ಮಾಡಿದ ಹಿಟ್ಟು ಗಡ್ಡೆಗೆ ವಾಪಸ್ ಬರಲ್ಲ. ನಾಲ್ಕೈದು ಸಲ ಹೀಗಾದ್ರೆ ಒಳಗಿನ ಕಣಜ ಖಾಲಿ. ಮಾಲಿ ಕೀಳೋದಕ್ಕೂ ಅವರು ತೆಗೆಯೋದಕ್ಕೂ ವ್ಯತ್ಯಾಸ ಅಷ್ಟೇ. ಅವನು ನಾವು ಬೆಳೆದು ನಿಂತ ಮೇಲೆ ಬರ್ತಾನೆ, ಅವರು ಎಲೆ ಎಣಿಸಿ ಬರ್ತಿದ್ರು. ತೆಗೆದ ಜಾಗಕ್ಕೆ ಗರಿಕೆಯ ತುಂಡು ನೆಟ್ಟು ತುಳಿದು ಹೋದ್ರು. ಇದರ ಮಧ್ಯೆ ಒಂದೆಲಗ, ಗೋಣಿಸೊಪ್ಪು, ಇನ್ನೂ ಏನೇನೋ ಸೆರಗಿಗೆ ತುಂಬಿಕೊಂಡು ಹೋಗಿ ಮಸ್ಸೊಪ್ಪು ಮಾಡಿದ್ರು. ಒಗ್ಗರಣೆ ಘಮಲು ಗೇಟಿನ ತನಕ ಬಂತು. ಯಜಮಾನ್ರು ಎರಡು ಮುದ್ದೆ ಉಂಡು, ‘ಈ ಸೊಪ್ಪು ಎಲ್ಲಿ ಸಿಕ್ತಮ್ಮ?’ ಅಂತ ಕೇಳಿದ್ರು.

ಪತ್ರಿಕೆ: ಮತ್ತೆ ನೀವು ಇನ್ನೂ ಇಲ್ಲಿ ಹೇಗಿದ್ದೀರಿ?

ಕೊನ್ನಾರಿ: ಆ ಮೂಲೆ ನೋಡಿ, ದಾಸವಾಳದ ಹತ್ತಿರ. ಅಲ್ಲಿ ನಾವಿಲ್ಲ. ಗರಿಕೆ ಮೆತ್ತೆ ಹಾಕಿದೆ. ಅವರಿಗೆ ಇನ್ನೊಂದು ಬೇಸಿಗೆ ಸಿಕ್ಕಿದ್ರೆ ಪೂರ್ತಿ ಮುಗೀತಿತ್ತು. ಅಷ್ಟರಲ್ಲಿ ಎದುರು ಮನೆಯವರು ‘ಏನ್ ಸಾರ್, ತಾಯಿ ಕೈಲಿ ಕಳೆ ತೆಗೆಸ್ತಾ ಇದೀರಾ’ ಅಂತ ನಕ್ಕರು. ಯಜಮಾನರಿಗೆ ಮರ್ಯಾದೆ ಪ್ರಶ್ನೆ ಆಯ್ತು. ‘ಅಮ್ಮ, ನೀನು ಈ ವಯಸ್ಸಲ್ಲಿ ಹೀಗೆ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ್ರೆ ನೋಡಿದೋರು ಏನಂತಾರೆ, ಒಳಗೆ ಬಂದು ಟೀವಿ ನೋಡು’ ಅಂದ್ರು. ಅವರು ಎರಡು ದಿನ ಧಾರಾವಾಹಿ ನೋಡಿ, ಮೂರನೇ ದಿನ ಬಸ್ ಹತ್ತಿದ್ರು. ಕುರ್ಪೀನೂ ಸೆರಗಲ್ಲಿ ಸುತ್ಕೊಂಡೇ ಹೋದ್ರು.

ಪತ್ರಿಕೆ: ಕೊನೆಯದಾಗಿ, ಮುಂದಿನ ಯೋಜನೆಗಳೇನು?

ಕೊನ್ನಾರಿ: ಮೈಸೂರಿಗೆ ವಿಸ್ತರಣೆ. ಮುಂದಿನ ತಿಂಗಳು ಯಜಮಾನರ ಮಗಳು ಅಲ್ಲಿ ಹೊಸ ಮನೆ ಹೊಕ್ತಾರೆ. ಅವರೂ ಮುಂದೆ ಲಾನು ಹಾಕಿಸ್ತಾರಂತೆ. ಅಪ್ಪನ ಕೈಯಾರೆ ಬೆಳೆಸಿದ್ದು ಅಂತ ಇಲ್ಲಿಂದ ಆರು ಕ್ರೋಟನ್ ಕುಂಡ ಹೋಗ್ತಾ ಇದೆ. ಮಣ್ಣು ಇದೇ ಮಣ್ಣು. ಕುಂಡಕ್ಕೊಬ್ಬರ ಹಾಗೆ ನಮ್ಮ ಹುಡುಗರು ತಯಾರಾಗಿದಾರೆ, ಎರಡು ಕುಂಡದಲ್ಲಿ ಇಬ್ಬಿಬ್ಬರು.

ಪತ್ರಿಕೆ: ಯಜಮಾನರಿಗೆ ಹೇಳಲೇ?

ಕೊನ್ನಾರಿ: ಧಾರಾಳವಾಗಿ ಹೇಳಿ. ಹೇಳಿದ ತಕ್ಷಣ ಅವರು ಕುಂಡದಲ್ಲಿ ಎಲೆ ಕೀಳಿಸ್ತಾರೆ.